ಜಿಪಿಎ ಚೆನ್ನಾಗಿದ್ದರೂ ಫೈನಾನ್ಷಿಯಲ್ ಏಡ್ ನಿಲ್ಲುವುದೇಕೆ? ಅಮೆರಿಕದ ಕಾಲೇಜುಗಳ ‘ಸ್ಯಾಪ್’ ನಿಯಮ, ಹಂತ ಹಂತವಾಗಿ

ವಸಂತ ಸೆಮಿಸ್ಟರಿನ ಫಲಿತಾಂಶ ಬಂದ ಕೂಡಲೇ ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳು ಕೇಳುವ ಪ್ರಶ್ನೆ ಒಂದೇ: ‘ಮಗಳ ಜಿಪಿಎ ಮೂರಕ್ಕಿಂತ ಮೇಲಿದೆ. ಆದರೂ ಮುಂದಿನ ವರ್ಷದ ನೆರವು ನಿಂತಿದೆ ಎಂದು ಕಾಲೇಜು ಇಮೇಲ್ ಕಳಿಸಿದೆ. ಏನೋ ತಪ್ಪಾಗಿರಬೇಕಲ್ಲವೇ?’ ಬಹುತೇಕ ಸಂದರ್ಭಗಳಲ್ಲಿ ಕಾಲೇಜಿನದು ತಪ್ಪಲ್ಲ. ನಾವು ಜಿಪಿಎಯನ್ನಷ್ಟೇ, ಅಂದರೆ ನಾಲ್ಕರ ಅಳತೆಯಲ್ಲಿ ಕೊಡುವ ಗ್ರೇಡ್‌ಗಳ ಸರಾಸರಿಯನ್ನಷ್ಟೇ, ನೋಡುತ್ತಿರುತ್ತೇವೆ. ನಿಯಮ ಇನ್ನೂ ಎರಡು ಲೆಕ್ಕಗಳನ್ನು ಇಟ್ಟಿರುತ್ತದೆ. ಆ ಲೆಕ್ಕಗಳು ಯಾವುವು, ಅವು ಕೆಡದಂತೆ ನೋಡಿಕೊಳ್ಳುವುದು ಹೇಗೆ, ಕೆಟ್ಟರೆ ಸರಿಪಡಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಈ ನಿಯಮಕ್ಕೆ ‘ಸ್ಯಾಟಿಸ್ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್’ ಎಂದು ಹೆಸರು. ಕಾಲೇಜಿನ ಕಚೇರಿಗಳಲ್ಲಿ ಎಲ್ಲರೂ ‘ಸ್ಯಾಪ್’ ಎನ್ನುತ್ತಾರೆ. ಸರ್ಕಾರದ ಹಣ ಪಡೆಯುವ ವಿದ್ಯಾರ್ಥಿ ಪದವಿಯ ಕಡೆಗೆ ಸರಿಯಾದ ವೇಗದಲ್ಲಿ ಸಾಗುತ್ತಿದ್ದಾನೆಯೇ ಎಂಬ ಪರೀಕ್ಷೆ ಇದು. ಚೌಕಟ್ಟನ್ನು ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರ ಹಾಕಿಕೊಟ್ಟಿದೆ. ಅದರೊಳಗೆ ಪ್ರತಿ ಕಾಲೇಜೂ ತನ್ನದೇ ನೀತಿಯನ್ನು ಬರೆದುಕೊಂಡಿರುತ್ತದೆ. ಆದ್ದರಿಂದ ಪಕ್ಕದ ಮನೆಯ ಹುಡುಗನ ಕಾಲೇಜಿನಲ್ಲಿ ನಡೆದದ್ದು ನಿಮ್ಮ ಕಾಲೇಜಿನಲ್ಲೂ ನಡೆಯುತ್ತದೆ ಎಂದುಕೊಳ್ಳಬೇಡಿ.

1. ಈ ನಿಯಮ ನಿಮಗೆ ಅನ್ವಯಿಸುತ್ತದೆಯೇ ಎಂದು ಮೊದಲು ತಿಳಿಯಿರಿ

ಫಾಫ್ಸಾ ಅರ್ಜಿ ತುಂಬಿ ಪಡೆಯುವ ಕೇಂದ್ರ ಸರ್ಕಾರದ ಎಲ್ಲ ನೆರವಿಗೂ ಸ್ಯಾಪ್ ಅನ್ವಯಿಸುತ್ತದೆ. ಕಡಿಮೆ ಆದಾಯದ ಕುಟುಂಬಗಳಿಗೆ ಸಿಗುವ, ಮರಳಿಸಬೇಕಿಲ್ಲದ ಪೆಲ್ ಗ್ರಾಂಟ್ (2025–26ರಲ್ಲಿ ಗರಿಷ್ಠ 7,395 ಡಾಲರ್), ಕ್ಯಾಂಪಸ್ಸಿನಲ್ಲಿ ಕೆಲಸ ಕೊಡುವ ವರ್ಕ್ ಸ್ಟಡಿ, ವಿದ್ಯಾರ್ಥಿಯ ಹೆಸರಿನ ಡೈರೆಕ್ಟ್ ಲೋನ್, ತಂದೆತಾಯಿ ತೆಗೆದುಕೊಳ್ಳುವ ಪೇರೆಂಟ್ ಪ್ಲಸ್ ಸಾಲ, ಇವೆಲ್ಲ ಇದರಲ್ಲಿ ಸೇರಿವೆ. ‘ನಾವು ಪಡೆದಿರುವುದು ಬರೀ ಸಾಲ, ನಮಗೇಕೆ ಈ ನಿಯಮ?’ ಎಂದು ಕೇಳುವವರಿದ್ದಾರೆ. ಸಾಲಕ್ಕೂ ಇದೇ ನಿಯಮ.

ಈ ನೆರವು ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಕಾನೂನು ಹೆಸರಿಸಿರುವ ಇನ್ನು ಕೆಲವು ವರ್ಗದವರಿಗೆ ಮಾತ್ರ. ಎಫ್-1 ವೀಸಾದಲ್ಲಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ವಿದ್ಯಾರ್ಥಿಗಳಿಗೆ, ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಸಿಗುವ ಎಚ್-4ರಲ್ಲಿರುವ ಮಕ್ಕಳಿಗೆ ಇದು ಸಿಗುವುದಿಲ್ಲ. ಅಂಥವರಿಗೆ ವಿಶ್ವವಿದ್ಯಾಲಯವೇ ವಿದ್ಯಾರ್ಥಿವೇತನ ಕೊಟ್ಟಿದ್ದರೆ ಅದರ ಷರತ್ತುಗಳು ಮಂಜೂರಾತಿ ಪತ್ರದಲ್ಲಿರುತ್ತವೆ. ಎಫ್-1ರಲ್ಲಿರುವವರು ಒಂದು ಎಚ್ಚರ ವಹಿಸಬೇಕು: ಕೋರ್ಸ್ ಬಿಟ್ಟು ಪೂರ್ಣಾವಧಿ ಹೊರೆಗಿಂತ ಕೆಳಗಿಳಿದರೆ ವೀಸಾ ಸ್ಥಿತಿಗೇ ಕುತ್ತು. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಕೈಗೆ ಬರುವ ಮುನ್ನ ಯಾವ ಕೋರ್ಸನ್ನೂ ಬಿಡಬೇಡಿ.

ರಾಜ್ಯ ಸರ್ಕಾರಗಳ ನೆರವಿಗೆ ಬೇರೆ ಅಳತೆಗೋಲು ಇರಬಹುದು. ಉದಾಹರಣೆಗೆ, ಜಾರ್ಜಿಯಾ ರಾಜ್ಯದ ಹೋಪ್ ವಿದ್ಯಾರ್ಥಿವೇತನಕ್ಕೆ 3.0 ಜಿಪಿಎ ಕಾಪಾಡಿಕೊಳ್ಳಬೇಕು. 30, 60, 90 ಕ್ರೆಡಿಟ್‌ಗಳ (ಕ್ರೆಡಿಟ್ ಎಂದರೆ ಒಂದು ಕೋರ್ಸಿನ ತೂಕ) ಮೆಟ್ಟಿಲುಗಳಲ್ಲಿ ತಪಾಸಣೆ ನಡೆಯುತ್ತದೆ. ಒಬ್ಬ ವಿದ್ಯಾರ್ಥಿ ಸ್ಯಾಪ್‌ನಲ್ಲಿ ಪಾಸಾಗಿ ಹೋಪ್ ಕಳೆದುಕೊಳ್ಳಬಹುದು. ಆದ್ದರಿಂದ ಬರುತ್ತಿರುವ ಪ್ರತಿಯೊಂದು ನೆರವಿನ ಷರತ್ತನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

2. ಮೂರು ಲೆಕ್ಕಗಳನ್ನು ನೀವೇ ಹಾಕಿ ನೋಡಿ

ಟ್ರಾನ್ಸ್‌ಕ್ರಿಪ್ಟ್, ಅಂದರೆ ಇದುವರೆಗಿನ ಎಲ್ಲ ಕೋರ್ಸ್‌ಗಳ ದಾಖಲೆ, ಎದುರಿಗೆ ಇಟ್ಟುಕೊಳ್ಳಿ. ಕಾಲೇಜಿನ ಜಾಲತಾಣದಲ್ಲಿ ಸ್ಯಾಪ್ ನೀತಿಯ ಪುಟವನ್ನೂ ತೆರೆಯಿರಿ.

ಮೊದಲನೆಯದು ಜಿಪಿಎ. ಎರಡು ವರ್ಷಕ್ಕಿಂತ ದೀರ್ಘವಾದ ಕಾರ್ಯಕ್ರಮಗಳಲ್ಲಿ ಎರಡನೆಯ ವರ್ಷದ ಕೊನೆಗೆ ಕನಿಷ್ಠ ‘ಸಿ’ ಸರಾಸರಿ, ಅಂದರೆ ಸಾಮಾನ್ಯವಾಗಿ 2.0, ಇರಬೇಕೆಂಬುದು ಕೇಂದ್ರದ ಕಟ್ಟಳೆ. ಅನೇಕ ಕಾಲೇಜುಗಳು ಮೊದಲ ಸೆಮಿಸ್ಟರಿನಿಂದಲೇ ಇದನ್ನು ಕೇಳುತ್ತವೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹೆಚ್ಚಾಗಿ 3.0 ಇರುತ್ತದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇಲ್ಲಿ ಎಡವುವುದಿಲ್ಲ.

ಎರಡನೆಯದು ಪೇಸ್, ಅಂದರೆ ವೇಗ. ಎಡವುವುದು ಇಲ್ಲಿ. ಇದುವರೆಗೆ ನೋಂದಾಯಿಸಿಕೊಂಡ ಒಟ್ಟು ಕ್ರೆಡಿಟ್‌ಗಳಲ್ಲಿ ಎಷ್ಟನ್ನು ಯಶಸ್ವಿಯಾಗಿ ಮುಗಿಸಿದ್ದೀರಿ ಎಂಬ ಶೇಕಡಾವಾರು ಇದು. ಹೆಚ್ಚಿನ ಕೋರ್ಸ್‌ಗಳು ಮೂರು ಅಥವಾ ನಾಲ್ಕು ಕ್ರೆಡಿಟ್‌ನವು. ಬಹುಪಾಲು ಕಾಲೇಜುಗಳು ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು ಶೇ. 67, ಕೇಳುತ್ತವೆ.

ಒಬ್ಬ ವಿದ್ಯಾರ್ಥಿನಿಯ ಲೆಕ್ಕ ನೋಡಿ. ಮೊದಲ ಸೆಮಿಸ್ಟರಿನಲ್ಲಿ 15 ಕ್ರೆಡಿಟ್ ತೆಗೆದುಕೊಂಡಳು. ನಾಲ್ಕು ಕ್ರೆಡಿಟ್‌ನ ರಸಾಯನಶಾಸ್ತ್ರ ಕಷ್ಟವೆನಿಸಿ ನಡುವೆ ಬಿಟ್ಟಳು, 11 ಮುಗಿಸಿದಳು. ಎರಡನೆಯದರಲ್ಲಿ ಮತ್ತೆ 15. ಈ ಸಲ ಎರಡು ಕೋರ್ಸ್ ಸೇರಿ ಏಳು ಕ್ರೆಡಿಟ್ ಬಿಟ್ಟಳು, 8 ಮುಗಿಸಿದಳು. ಒಟ್ಟು 30ರಲ್ಲಿ 19, ಅಂದರೆ ಶೇ. 63.3. ಮುಗಿಸಿದ ಕೋರ್ಸ್‌ಗಳಲ್ಲೆಲ್ಲ ‘ಎ’, ‘ಬಿ’ ಬಂದಿರುವುದರಿಂದ ಜಿಪಿಎ ಮಿಂಚುತ್ತಿರುತ್ತದೆ. ಮನೆಯವರಿಗೆ ಕಾಣುವುದು ಆ ಜಿಪಿಎ. ಸ್ಯಾಪ್‌ನಲ್ಲಿ ಆಕೆ ಅನುತ್ತೀರ್ಣಳು.

ಮೂರನೆಯದು ಗರಿಷ್ಠ ಅವಧಿ. ಪದವಿಗೆ ಬೇಕಾದ ಕ್ರೆಡಿಟ್‌ಗಳ ಒಂದೂವರೆ ಪಟ್ಟಿನೊಳಗೆ ಓದು ಮುಗಿಯಬೇಕು. 120 ಕ್ರೆಡಿಟ್‌ನ ಪದವಿಯಾದರೆ ಮಿತಿ 180. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ: ನೆರವು ನಿಲ್ಲುವುದು 180 ತಲುಪಿದ ದಿನವಲ್ಲ, 180ರೊಳಗೆ ಮುಗಿಸಲು ಸಾಧ್ಯವಿಲ್ಲವೆಂದು ಲೆಕ್ಕ ತೋರಿಸಿದ ದಿನ. 150 ಕ್ರೆಡಿಟ್ ಆಗಿದ್ದು ಇನ್ನೂ 36 ಬಾಕಿಯಿದ್ದರೆ ಒಟ್ಟು 186 ಆಗುತ್ತದೆ. ನೆರವು ಅಲ್ಲಿಗೇ ನಿಂತಿತು.

3. ಯಾವ ಕೋರ್ಸ್ ಹೇಗೆ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಅರಿಯಿರಿ

ಕರ್ನಾಟಕದಲ್ಲಿ ಓದಿದ ನಮಗೆ ಒಂದು ಅಭ್ಯಾಸವಿದೆ. ಅಲ್ಲಿ ಒಂದು ವಿಷಯ ‘ಬ್ಯಾಕ್’ ಉಳಿದರೆ ಮುಂದಿನ ಪರೀಕ್ಷೆಯಲ್ಲಿ ಪಾಸಾಗಿ ಬಿಡುತ್ತಿದ್ದೆವು. ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಅದೇ ನೆನಪಿನಲ್ಲಿ ಮಕ್ಕಳಿಗೆ ‘ಈಗ ಬಿಟ್ಟುಬಿಡು, ಆಮೇಲೆ ತೆಗೆದುಕೊಂಡರಾಯಿತು’ ಎಂದು ಸಲಹೆ ಕೊಡುತ್ತೇವೆ. ಇಲ್ಲಿ ಅದು ಮುಗಿಯುವುದಿಲ್ಲ. ಪ್ರತಿಯೊಂದು ಪ್ರಯತ್ನವೂ ಪೇಸ್ ಲೆಕ್ಕದಲ್ಲಿ ಉಳಿಯುತ್ತದೆ.

ಸೆಮಿಸ್ಟರಿನ ಆರಂಭದಲ್ಲಿ ಕೋರ್ಸ್ ಸೇರಿಸುವ, ತೆಗೆಯುವ ಕೆಲವು ದಿನಗಳ ಅವಕಾಶವಿರುತ್ತದೆ. ಆ ಅವಧಿಯಲ್ಲಿ ತೆಗೆದ ಕೋರ್ಸ್ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅದರ ನಂತರ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ‘ಡಬ್ಲ್ಯೂ’ ಬೀಳುತ್ತದೆ. ಡಬ್ಲ್ಯೂ ಜಿಪಿಎಯನ್ನು ಮುಟ್ಟುವುದಿಲ್ಲ, ಪೇಸನ್ನು ಕೆಡಿಸುತ್ತದೆ. ‘ಎಫ್’ ಎರಡನ್ನೂ ಕೆಡಿಸುತ್ತದೆ. ಕೋರ್ಸ್ ಅಪೂರ್ಣವೆಂದು ಬರೆಯುವ ‘ಐ’ ಕೂಡ ಅಂತಿಮ ಗ್ರೇಡ್ ಬರುವವರೆಗೆ ಮುಗಿಸದ ಕೋರ್ಸೇ. ಪ್ರಾಧ್ಯಾಪಕರು ಗ್ರೇಡ್ ಕೊಟ್ಟ ಮೇಲೆ ಸ್ಯಾಪ್ ತಾನಾಗಿ ಮರುಲೆಕ್ಕವಾಗುತ್ತದೆಂದು ಕಾಯುತ್ತಾ ಕೂರಬೇಡಿ. ನೆರವು ಕಚೇರಿಗೆ ಬರೆದು ಮರುಪರಿಶೀಲನೆ ಕೇಳಿ.

ಫೇಲಾದ ಕೋರ್ಸನ್ನು ಮತ್ತೆ ತೆಗೆದುಕೊಳ್ಳಲು ನೆರವು ಸಿಗುತ್ತದೆ. ಪಾಸಾದ ಕೋರ್ಸನ್ನು ಗ್ರೇಡ್ ಹೆಚ್ಚಿಸಲು ಮತ್ತೆ ತೆಗೆದುಕೊಂಡರೆ ಒಂದೇ ಒಂದು ಸಲ ಅದಕ್ಕೆ ಕೇಂದ್ರದ ನೆರವು ಅನ್ವಯಿಸುತ್ತದೆ. ವೈದ್ಯಕೀಯ ಕಾಲೇಜಿನ ಆಸೆಯಿಂದ ‘ಬಿ’ಯನ್ನು ‘ಎ’ ಮಾಡಿಕೊಳ್ಳಲು ಹೊರಟವರು ಇದನ್ನು ಗಮನಿಸಬೇಕು.

ಬೇರೆ ಕಾಲೇಜಿನಿಂದ ವರ್ಗಾವಣೆಯಾಗಿ ಒಪ್ಪಿಗೆ ಪಡೆದ ಕ್ರೆಡಿಟ್‌ಗಳು ತೆಗೆದುಕೊಂಡದ್ದಕ್ಕೂ ಮುಗಿಸಿದ್ದಕ್ಕೂ ಎರಡೂ ಕಡೆ ಸೇರುತ್ತವೆ. ಪೇಸ್‌ಗೆ ಇದು ಒಳ್ಳೆಯದು, ಗರಿಷ್ಠ ಅವಧಿಗೆ ಹೊರೆ. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ‘ಎಪಿ’ ಪರೀಕ್ಷೆಯಿಂದ ಪಡೆದ ಕ್ರೆಡಿಟ್‌ಗಳನ್ನು ನಿಮ್ಮ ಕಾಲೇಜು ಹೇಗೆ ಎಣಿಸುತ್ತದೆ ಎಂದು ಕೇಳಿ ತಿಳಿಯಿರಿ. ಹತ್ತಾರು ಎಪಿ ಕ್ರೆಡಿಟ್‌ಗಳೊಂದಿಗೆ ಬಂದು ಆಮೇಲೆ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಬದಲಿಸಿದವರಿಗೆ 180ರ ಗೆರೆ ಬೇಗ ಎದುರಾಗಬಹುದು. ಮೇಜರ್ ಬದಲಿಸಿದಾಗ ಹೊಸ ಮೇಜರಿಗೆ ಒದಗುವ ಕ್ರೆಡಿಟ್‌ಗಳನ್ನಷ್ಟೇ ಎಣಿಸುವ ಕಾಲೇಜುಗಳೂ ಇವೆ, ಎಲ್ಲವನ್ನೂ ಎಣಿಸುವವೂ ಇವೆ.

ಇನ್ನೆರಡು ತಪ್ಪು ನಂಬಿಕೆಗಳು. ನೆರವು ಪಡೆಯದೆ ಸ್ವಂತ ಹಣದಲ್ಲಿ ಓದಿದ ಸೆಮಿಸ್ಟರ್ ಲೆಕ್ಕಕ್ಕಿಲ್ಲ ಎನ್ನುತ್ತಾರೆ, ಇದೆ. ಹಳೆಯ ಕೆಟ್ಟ ಗ್ರೇಡ್‌ಗಳನ್ನು ಕಾಲೇಜು ‘ಕ್ಷಮಿಸಿ’ ಜಿಪಿಎಯಿಂದ ಕೈಬಿಟ್ಟರೆ ಸ್ಯಾಪ್‌ನಿಂದಲೂ ಹೋಯಿತು ಎನ್ನುತ್ತಾರೆ. ಕೇಂದ್ರದ ನಿಯಮದಲ್ಲಿ ಅಂಥ ಕ್ಷಮೆಗೆ ಜಾಗವಿಲ್ಲ.

4. ಕೋರ್ಸ್ ಬಿಡುವ ಮುನ್ನ ನೆರವು ಕಚೇರಿಗೆ ಹೋಗಿ

ಈ ಇಡೀ ಬರಹದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಓದಿನ ಅಡ್ವೈಸರ್ ಒಳ್ಳೆಯ ಮನಸ್ಸಿನಿಂದಲೇ ‘ಜಿಪಿಎ ಉಳಿಸಿಕೊಳ್ಳಲು ಡಬ್ಲ್ಯೂ ತೆಗೆದುಕೋ’ ಎಂದು ಹೇಳಬಹುದು. ಅವರು ನೋಡುವುದು ಓದನ್ನು, ನೆರವಿನ ಲೆಕ್ಕವನ್ನಲ್ಲ. ಆದ್ದರಿಂದ ಎರಡೂ ಕಡೆ ಕೇಳಬೇಕು. ನೆರವು ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು: ಈ ಕೋರ್ಸ್ ಬಿಟ್ಟರೆ ನನ್ನ ಪೇಸ್ ಎಷ್ಟಾಗುತ್ತದೆ? ಈ ಸೆಮಿಸ್ಟರಿನ ಹಣದಲ್ಲಿ ಏನಾದರೂ ಹಿಂದಿರುಗಿಸಬೇಕೇ? ಪೂರ್ಣಾವಧಿ ವಿದ್ಯಾರ್ಥಿಗೆಂದೇ ಇರುವ ಯಾವುದಾದರೂ ವಿದ್ಯಾರ್ಥಿವೇತನ ಕೈತಪ್ಪುತ್ತದೆಯೇ?

ಎಲ್ಲ ಕೋರ್ಸ್‌ಗಳನ್ನೂ ಬಿಟ್ಟು ಹೊರಬರುವ ಪರಿಸ್ಥಿತಿ ಬಂದರೆ ಇನ್ನೊಂದು ನಿಯಮವೂ ಸೇರಿಕೊಳ್ಳುತ್ತದೆ. ಸೆಮಿಸ್ಟರಿನ ಶೇ. 60 ಭಾಗ ಕಳೆಯುವ ಮುನ್ನ ಹೊರಬಂದರೆ ಎಷ್ಟು ದಿನ ಓದಿದ್ದೀರೋ ಅಷ್ಟರ ಪ್ರಮಾಣದಲ್ಲಿ ಮಾತ್ರ ನೆರವು ನಿಮ್ಮದು. ಉಳಿದದ್ದು ಸರ್ಕಾರಕ್ಕೆ ಮರಳುತ್ತದೆ. ಆದರೆ ಕಾಲೇಜಿನ ಶುಲ್ಕ ಹಾಗೇ ಉಳಿದಿರಬಹುದು. ಆ ಬಾಕಿ ನಿಮ್ಮ ತಲೆಯ ಮೇಲೆ ಬೀಳುತ್ತದೆ. ಯಾರಿಗೂ ಹೇಳದೆ ತರಗತಿಗೆ ಹೋಗುವುದನ್ನು ನಿಲ್ಲಿಸಿ ಎಲ್ಲದರಲ್ಲೂ ಎಫ್ ಬಂದರೂ ಕಾಲೇಜು ಅದನ್ನು ಹೊರಹೋದಂತೆಯೇ ಪರಿಗಣಿಸಬಹುದು.

5. ಇಮೇಲ್ ಬಂದಾಗ ಅದರಲ್ಲಿರುವ ಪದವನ್ನು ಸರಿಯಾಗಿ ಓದಿ

‘ವಾರ್ನಿಂಗ್’ ಎಂದಿದ್ದರೆ ಇನ್ನೊಂದು ಸೆಮಿಸ್ಟರ್ ನೆರವು ಸಿಗುತ್ತದೆ, ಅರ್ಜಿ ಬೇಡ, ಅಷ್ಟರಲ್ಲಿ ಸರಿಪಡಿಸಿಕೊಳ್ಳಬೇಕು. ಪ್ರತಿ ಸೆಮಿಸ್ಟರ್ ತಪಾಸಣೆ ಮಾಡುವ ಕಾಲೇಜುಗಳು ಮಾತ್ರ ಈ ಅವಕಾಶ ಕೊಡಬಲ್ಲವು. ವರ್ಷಕ್ಕೊಮ್ಮೆ ನೋಡುವ ಕಾಲೇಜುಗಳಲ್ಲಿ ಎಚ್ಚರಿಕೆಯಿಲ್ಲದೆ ನೇರವಾಗಿ ‘ಸಸ್ಪೆನ್ಷನ್’ ಬರುತ್ತದೆ, ಅಂದರೆ ನೆರವು ನಿಂತಿದೆ. ‘ಪ್ರೊಬೇಷನ್’ ಎಂದರೆ ಅಪೀಲು ಒಪ್ಪಿತವಾಗಿ ಷರತ್ತಿನ ಮೇಲೆ ನೆರವು ಮರಳಿದೆ. ಕಾಲೇಜಿನ ರಿಜಿಸ್ಟ್ರಾರ್ ಕೊಡುವ ಅಕಾಡೆಮಿಕ್ ಪ್ರೊಬೇಷನ್ ಬೇರೆಯದೇ ವಿಷಯ. ಅದರಿಂದ ಪಾರಾದ ಮಾತ್ರಕ್ಕೆ ಸ್ಯಾಪ್ ಸರಿಹೋಗುವುದಿಲ್ಲ.

ತಂದೆತಾಯಿಗಳಿಗೊಂದು ಮಾತು. ಈ ಇಮೇಲ್ ನಿಮಗೆ ಬರುವುದಿಲ್ಲ, ವಿದ್ಯಾರ್ಥಿಯ ಕಾಲೇಜು ವಿಳಾಸಕ್ಕೆ ಬರುತ್ತದೆ. 1974ರ ಫರ್ಪಾ ಕಾಯ್ದೆಯ ಪ್ರಕಾರ ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ವಿದ್ಯಾರ್ಥಿಯದು. ಶುಲ್ಕ ಕಟ್ಟುವವರು ನೀವೇ ಆದರೂ ಮಗ ಲಿಖಿತ ಒಪ್ಪಿಗೆ ಕೊಡದಿದ್ದರೆ ಕಚೇರಿಯವರು ನಿಮ್ಮೊಂದಿಗೆ ಮಾತನಾಡದಿರಬಹುದು. ಮೊದಲ ಸೆಮಿಸ್ಟರಿನಲ್ಲೇ, ಎಲ್ಲವೂ ಚೆನ್ನಾಗಿರುವಾಗ, ಆ ಒಪ್ಪಿಗೆ ಪತ್ರದ ಬಗ್ಗೆ ಮಕ್ಕಳೊಂದಿಗೆ ಮಾತನಾಡಿ. ಜೊತೆಗೆ, ಡಬ್ಲ್ಯೂ ಬಿದ್ದಿದೆ ಎಂದು ಮನೆಯಲ್ಲಿ ಹೇಳಲು ಅಂಜುವ ಮಕ್ಕಳು ಬಹಳ. ಆ ಅಂಜಿಕೆಯಲ್ಲೇ ಅಪೀಲಿನ ಕೊನೆಯ ದಿನಾಂಕ ಕಳೆದುಹೋಗುತ್ತದೆ. ಬೈಗುಳವನ್ನು ದಯವಿಟ್ಟು ಪಕ್ಕಕ್ಕಿಡಿ. ಮೊದಲು ದಿನಾಂಕ ನೋಡಿ.

6. ಅಪೀಲನ್ನು ಹೀಗೆ ಬರೆಯಿರಿ

ಅಪೀಲು ಎಂದರೆ ನೆರವನ್ನು ಮುಂದುವರಿಸಿ ಎಂದು ಕೇಳುವ ಲಿಖಿತ ಮನವಿ. ವಿದ್ಯಾರ್ಥಿಯ ಅನಾರೋಗ್ಯ ಅಥವಾ ಗಾಯ, ಸಂಬಂಧಿಕರ ಸಾವು, ಇತರ ವಿಶೇಷ ಪರಿಸ್ಥಿತಿ, ಇವು ನಿಯಮ ಹೆಸರಿಸುವ ಕಾರಣಗಳು. ಪತ್ರವನ್ನು ವಿದ್ಯಾರ್ಥಿಯೇ ಬರೆಯಬೇಕು. ತಂದೆ ಕುಳಿತು ಬರೆದ ಪತ್ರ ಓದುವವರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ.

ಪತ್ರ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕು: ಏನಾಯಿತು? ಈಗ ಏನು ಬದಲಾಗಿದೆ? ಮೊದಲನೆಯದಕ್ಕೆ ಪುಟಗಟ್ಟಲೆ ಬರೆದು ಎರಡನೆಯದನ್ನು ಮರೆಯುವವರೇ ಹೆಚ್ಚು. ‘ಇನ್ನು ಮುಂದೆ ಕಷ್ಟಪಟ್ಟು ಓದುತ್ತೇನೆ, ದಯವಿಟ್ಟು ಇನ್ನೊಂದು ಅವಕಾಶ ಕೊಡಿ’ ಎಂಬ ಸಾಲು ಏನನ್ನೂ ಹೇಳುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಫೆಬ್ರುವರಿಯಲ್ಲಿ ನನ್ನ ಅಜ್ಜಿ ತೀರಿಕೊಂಡರು. ನಾನು ಮೂರು ವಾರ ಮೈಸೂರಿನಲ್ಲಿದ್ದೆ. ಹಿಂದಿರುಗಿದಾಗ ಎರಡು ಪ್ರಯೋಗಾಲಯದ ಕೋರ್ಸ್‌ಗಳಲ್ಲಿ ಹಿಂದುಳಿದು ಅವುಗಳನ್ನು ಬಿಡಬೇಕಾಯಿತು. ಮುಂದಿನ ಸೆಮಿಸ್ಟರಿನಲ್ಲಿ 12 ಕ್ರೆಡಿಟ್ ಮಾತ್ರ ತೆಗೆದುಕೊಳ್ಳುತ್ತಿದ್ದೇನೆ. ಅವೆಲ್ಲವನ್ನೂ ಮುಗಿಸಿದರೆ 42ರಲ್ಲಿ 31 ಆಗಿ ನನ್ನ ಪೇಸ್ ಶೇ. 73.8ಕ್ಕೆ ಏರುತ್ತದೆ. ಅಡ್ವೈಸರ್ ಸಹಿ ಮಾಡಿದ ಯೋಜನೆ ಲಗತ್ತಿಸಿದ್ದೇನೆ.’ ಕಾರಣ, ದಿನಾಂಕ, ಲೆಕ್ಕ, ಯೋಜನೆ ಎಲ್ಲವೂ ಇದರಲ್ಲಿವೆ.

ಪುರಾವೆ ಸೇರಿಸಿ: ವೈದ್ಯರ ಪತ್ರ, ಆಸ್ಪತ್ರೆಯ ದಾಖಲೆ, ಮರಣ ಪ್ರಮಾಣಪತ್ರ, ವಿಮಾನದ ಟಿಕೆಟ್. ಊರಿನಿಂದ ತರಿಸಿದ ದಾಖಲೆ ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಅನುವಾದವನ್ನೂ ಜೊತೆಗಿಡಿ. ಯಾವ ಬಗೆಯ ಅನುವಾದ ಸಾಕು ಎಂದು ಮೊದಲೇ ಕೇಳಿ.

ಮಾನಸಿಕ ಅನಾರೋಗ್ಯವೂ ಅನಾರೋಗ್ಯವೇ. ಖಿನ್ನತೆಯಿಂದ ಹಾಸಿಗೆ ಬಿಟ್ಟು ಏಳಲಾಗದೆ ಒಂದು ಸೆಮಿಸ್ಟರ್ ಕಳೆದುಕೊಂಡ ವಿದ್ಯಾರ್ಥಿ ಅದನ್ನು ಮುಚ್ಚಿಟ್ಟು ‘ಸಮಯ ನಿರ್ವಹಣೆ ಸರಿಯಾಗಲಿಲ್ಲ’ ಎಂದು ಬರೆದರೆ, ನ್ಯಾಯವಾಗಿ ಒಪ್ಪಿಗೆಯಾಗಬಹುದಾಗಿದ್ದ ಅಪೀಲು ಬಿದ್ದುಹೋಗಬಹುದು. ಮರ್ಯಾದೆಯ ಪ್ರಶ್ನೆ ಎಂದು ಕುಟುಂಬಗಳು ಇದನ್ನು ತಡೆಯುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಕಾಲೇಜಿನ ಆಪ್ತಸಮಾಲೋಚಕರು ಅಥವಾ ವೈದ್ಯರು ರೋಗದ ವಿವರಗಳನ್ನು ಬಿಚ್ಚಿಡದೆ ‘ಈ ಅವಧಿಯಲ್ಲಿ ಚಿಕಿತ್ಸೆಯಲ್ಲಿದ್ದರು’ ಎಂದಷ್ಟೇ ಬರೆದುಕೊಟ್ಟರೂ ಅದು ಬಲವಾದ ಪುರಾವೆ. ಚಿಕಿತ್ಸೆ ಮುಂದುವರಿದಿದೆ ಎಂಬುದು ‘ಏನು ಬದಲಾಗಿದೆ’ ಎಂಬ ಪ್ರಶ್ನೆಗೆ ಉತ್ತರವೂ ಹೌದು.

ಅಪೀಲು ಪರಿಶೀಲನೆಯಲ್ಲಿದ್ದರೂ ಶುಲ್ಕದ ಗಡುವು ಕಾಯುವುದಿಲ್ಲ. ಕಂತುಗಳಲ್ಲಿ ಕಟ್ಟುವ ಸೌಲಭ್ಯವನ್ನು ಅದೇ ದಿನ ವಿಚಾರಿಸಿ. ಇಲ್ಲವಾದರೆ ಸೀಟು ರದ್ದಾಗಬಹುದು.

7. ಉತ್ತರ ಬಂದ ಮೇಲೆ

ಒಪ್ಪಿಗೆಯಾದರೆ ಒಂದು ಸೆಮಿಸ್ಟರಿನ ಪ್ರೊಬೇಷನ್ ಸಿಗುತ್ತದೆ. ಅಷ್ಟರಲ್ಲಿ ಲೆಕ್ಕ ಸರಿಯಾಗುವಂತಿಲ್ಲದಿದ್ದರೆ ಕಾಲೇಜು ಓದಿನ ಯೋಜನೆಯೊಂದನ್ನು ಕೊಡುತ್ತದೆ: ಯಾವ ಕೋರ್ಸನ್ನೂ ಬಿಡಬಾರದು, ಪ್ರತಿ ಸೆಮಿಸ್ಟರ್ ಇಷ್ಟು ಜಿಪಿಎ ಬರಬೇಕು, ಇತ್ಯಾದಿ. ಯೋಜನೆಯನ್ನು ಅಕ್ಷರಶಃ ಪಾಲಿಸಿ. ಅದರಲ್ಲಿಲ್ಲದ ಕೋರ್ಸಿಗೆ ಸೇರುವುದೂ ಉಲ್ಲಂಘನೆಯಾಗಬಹುದು.

ನಿರಾಕರಿಸಿದರೆ, ಕಾಲೇಜಿನೊಳಗೆ ಎರಡನೇ ಸುತ್ತಿನ ಪರಿಶೀಲನೆ ಇದೆಯೇ ಎಂದು ಕೇಳಿ. ವಾಷಿಂಗ್ಟನ್ನಿನ ಶಿಕ್ಷಣ ಇಲಾಖೆಗೆ ದೂರಿಟ್ಟು ಈ ತೀರ್ಮಾನವನ್ನು ಬದಲಾಯಿಸಲಾಗುವುದಿಲ್ಲ.

ನಂತರದ ದಾರಿ, ನೆರವಿಲ್ಲದೆ ಓದಿ ಲೆಕ್ಕ ಸರಿಪಡಿಸಿಕೊಳ್ಳುವುದು. ಒಂದು ವರ್ಷ ಮನೆಯಲ್ಲಿ ಕುಳಿತು ಬಂದರೆ ಏನೂ ಬದಲಾಗುವುದಿಲ್ಲ; 30ರಲ್ಲಿ 19 ಹಾಗೇ ಇರುತ್ತದೆ. ಅಗ್ಗವೆಂದು ಸಮುದಾಯ ಕಾಲೇಜಿನಲ್ಲಿ ಕೋರ್ಸ್ ಮಾಡುವ ಮುನ್ನ ನಿಮ್ಮ ಕೊರತೆ ಯಾವುದೆಂದು ನೋಡಿ. ಪೇಸ್ ಕೊರತೆಯಾದರೆ ಆ ಕ್ರೆಡಿಟ್‌ಗಳು ವರ್ಗಾವಣೆಯಾಗಿ ಸಹಾಯ ಮಾಡುತ್ತವೆ. ಜಿಪಿಎ ಕೊರತೆಯಾದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ, ಏಕೆಂದರೆ ವರ್ಗಾವಣೆಯ ಕ್ರೆಡಿಟ್ ಬರುತ್ತದೆ, ಗ್ರೇಡ್ ಬರುವುದಿಲ್ಲ. ಆಗ ನಿಮ್ಮ ಕಾಲೇಜಿನಲ್ಲೇ ಓದಬೇಕು. ಲೆಕ್ಕ ಸರಿಯಾದ ಮೇಲೆ ನೆರವು ಕಚೇರಿಗೆ ನೀವೇ ಬರೆದು ತಿಳಿಸಿ.

ಕೆಲವು ಖಾಸಗಿ ಬ್ಯಾಂಕುಗಳು ಸ್ಯಾಪ್ ಕೇಳದೆಯೂ ವಿದ್ಯಾರ್ಥಿ ಸಾಲ ಕೊಡುತ್ತವೆ. ಅದಕ್ಕೆ ಹೆಚ್ಚಾಗಿ ತಂದೆಯೋ ತಾಯಿಯೋ ಜಾಮೀನುದಾರರಾಗಿ ಸಹಿ ಹಾಕಬೇಕು. ಕೇಂದ್ರದ ಸಾಲದಲ್ಲಿರುವ ರಕ್ಷಣೆಗಳು ಅದರಲ್ಲಿರುವುದಿಲ್ಲ. ಒಂದು ಸೆಮಿಸ್ಟರ್ ದಾಟಲು ಬೇರೆ ಗತಿಯೇ ಇಲ್ಲದಿದ್ದರೆ ಮಾತ್ರ ಆ ಬಾಗಿಲು ತಟ್ಟಿ.

ಓದನ್ನು ಕೆಲಕಾಲ ನಿಲ್ಲಿಸುವುದೇ ಸರಿ ಎನಿಸಿದರೆ, ಅರ್ಧಾವಧಿಗಿಂತ ಕೆಳಗಿಳಿದ ದಿನದಿಂದ ಡೈರೆಕ್ಟ್ ಲೋನ್‌ನ ಆರು ತಿಂಗಳ ವಿನಾಯಿತಿ ಎಣಿಕೆ ಶುರುವಾಗುತ್ತದೆ. ಅದು ಮುಗಿದ ಮೇಲೆ ಕಂತು ಕಟ್ಟಬೇಕು. ಕಾಲೇಜಿನ ಇಮೇಲ್ ಖಾತೆ ಮುಚ್ಚಿಹೋಗುವ ಮುನ್ನ ಸಾಲ ನಿರ್ವಹಿಸುವ ಸಂಸ್ಥೆಗೆ ಸ್ವಂತ ಇಮೇಲ್ ಮತ್ತು ಮನೆಯ ವಿಳಾಸ ಕೊಟ್ಟಿಡಿ.